ಭದ್ರಾವತಿಗೆ ಮತ್ತೆ ಜನ ಬರುವರೇ?

ಕಾರ್ಖಾನೆಯ ಚಿಮಣಿಯಿಂದ ಹೊಗೆ ಏಳುವುದು ನಿಂತರೆ ಪತ್ರಿಕೆಗಳಲ್ಲಿ ಸುದ್ದಿಯಾಗುತ್ತದೆ. ಆದರೆ ಒಂದು ಮನೆಗೆ ಬೀಗ ಬಿದ್ದರೆ, ಒಂದು ಕುಟುಂಬ ಲಾರಿಗೆ ಸಾಮಾನು ಹೇರಿಕೊಂಡು ಬೇರೆ ಊರಿಗೆ ಹೊರಟರೆ ಅದು ಸುದ್ದಿಯಾಗುವುದಿಲ್ಲ. ಅದನ್ನು ಮೊದಲು ಅರಿಯುವವನು ಆ ಬೀದಿಯ ಕಿರಾಣಿ ಅಂಗಡಿಯವನು. ಅನಂತರ ಹಾಲಿನವನು, ದರ್ಜಿ, ಔಷಧದ ಅಂಗಡಿಯವನು. ಹತ್ತು ವರ್ಷಕ್ಕೊಮ್ಮೆ ನಡೆಯುವ ಜನಗಣತಿಯ ಅಂಕಿಗಳು ಪ್ರಕಟವಾಗುವ ಹೊತ್ತಿಗೆ ವರ್ತಕರ ಲೆಕ್ಕದ ಪುಸ್ತಕ ಆ ಸತ್ಯವನ್ನು ಎಷ್ಟೋ ಮೊದಲೇ ಹೇಳಿರುತ್ತದೆ.

ಭದ್ರಾವತಿಯ ವಿಷಯದಲ್ಲಿ ಆಗಿರುವುದು ಇದೇ. 2001ರ ಜನಗಣತಿಯಲ್ಲಿ ಈ ನಗರದ ಜನಸಂಖ್ಯೆ ಸುಮಾರು 1.60 ಲಕ್ಷ. 2011ರಲ್ಲಿ ಅದು ಸುಮಾರು 1.51 ಲಕ್ಷಕ್ಕೆ ಇಳಿಯಿತು. ಕರ್ನಾಟಕದ ನಗರಗಳೆಲ್ಲ ಬೆಳೆಯುತ್ತಿದ್ದ ದಶಕವದು. ಇಪ್ಪತ್ತು ಕಿಲೋಮೀಟರ್‌ನಷ್ಟೂ ದೂರವಿಲ್ಲದ ಶಿವಮೊಗ್ಗ ಅದೇ ಅವಧಿಯಲ್ಲಿ ಸುಮಾರು 2.74 ಲಕ್ಷದಿಂದ 3.22 ಲಕ್ಷಕ್ಕೆ ಏರಿತು. ಒಂದೇ ಮಳೆ, ಒಂದೇ ಮಾರುಕಟ್ಟೆ, ಒಂದೇ ಜಿಲ್ಲಾಡಳಿತ. ಆದರೂ ಒಂದು ನಗರ ಏರಿತು, ಇನ್ನೊಂದು ಇಳಿಯಿತು. ಇದರ ಕಾರಣವನ್ನೂ ಪರಿಹಾರದ ದಾರಿಯನ್ನೂ ವಾಣಿಜ್ಯ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ನಷ್ಟದ ನಿಜವಾದ ಲೆಕ್ಕ

ಒಂಬತ್ತು ಸಾವಿರ ಜನ ಕಡಿಮೆಯಾದರು ಎಂದರೆ ಅಷ್ಟೇನೂ ದೊಡ್ಡ ಸಂಖ್ಯೆಯಲ್ಲ ಎನಿಸಬಹುದು. ಆದರೆ ಲೆಕ್ಕ ಹಾಕಬೇಕಾದ ಕ್ರಮ ಇದಲ್ಲ. 2001ರಿಂದ 2011ರವರೆಗೆ ರಾಜ್ಯದ ಒಟ್ಟು ಜನಸಂಖ್ಯೆ ಶೇ. 15.6ರಷ್ಟು ಹೆಚ್ಚಿತು. ಭದ್ರಾವತಿಯೂ ಇದೇ ಪ್ರಮಾಣದಲ್ಲಿ ಬೆಳೆದಿದ್ದರೆ 2011ರಲ್ಲಿ ಅದರ ಜನಸಂಖ್ಯೆ ಸುಮಾರು 1.85 ಲಕ್ಷ ಇರಬೇಕಿತ್ತು. ಇರಬೇಕಾಗಿದ್ದುದಕ್ಕೂ ಇದ್ದುದಕ್ಕೂ ನಡುವಿನ ಅಂತರ ಸುಮಾರು 34 ಸಾವಿರ. ಅಂದರೆ ಏಳೆಂಟು ಸಾವಿರ ಕುಟುಂಬಗಳು.

ಒಂದು ಮಧ್ಯಮ ವರ್ಗದ ಕುಟುಂಬ ತಿಂಗಳಿಗೆ ಊರಿನೊಳಗೇ 15 ಸಾವಿರ ರೂಪಾಯಿ ಖರ್ಚು ಮಾಡುತ್ತದೆ ಎಂದು ಭಾವಿಸೋಣ. ಒಂದು ಸಾವಿರ ಕುಟುಂಬ ಊರು ಬಿಟ್ಟರೆ ತಿಂಗಳಿಗೆ 1.5 ಕೋಟಿ, ವರ್ಷಕ್ಕೆ 18 ಕೋಟಿ ರೂಪಾಯಿಯ ವಹಿವಾಟು ಬಿ.ಎಚ್. ರಸ್ತೆಯ, ರಂಗಪ್ಪ ವೃತ್ತದ ಸುತ್ತಣ, ನ್ಯೂಟೌನ್ ಮತ್ತು ಜನ್ನಾಪುರದ ಅಂಗಡಿಗಳಿಂದ ಮಾಯವಾಗುತ್ತದೆ. ಅಂಗಡಿಯವನ ಆದಾಯ ಕುಗ್ಗಿದಾಗ ಅವನು ಸಹಾಯಕನನ್ನು ಬಿಡಿಸುತ್ತಾನೆ. ಸಹಾಯಕನ ಕುಟುಂಬವೂ ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೊರಡುತ್ತದೆ. ಮಕ್ಕಳ ಸಂಖ್ಯೆ ಕಡಿಮೆಯಾದ ಶಾಲೆ ಒಳ್ಳೆಯ ಶಿಕ್ಷಕರನ್ನು ಉಳಿಸಿಕೊಳ್ಳಲಾರದು. ರೋಗಿಗಳು ಕಡಿಮೆಯಾದಲ್ಲಿ ತಜ್ಞ ವೈದ್ಯ ನಿಲ್ಲಲಾರ. ನಗರವೊಂದು ಕುಗ್ಗುವುದು ಹೀಗೆ. ಕಾರ್ಖಾನೆ ಮುಚ್ಚಿದ್ದು ಮೊದಲ ಪೆಟ್ಟು ಮಾತ್ರ. ಉಳಿದ ಪೆಟ್ಟುಗಳನ್ನು ಜನರ ನಿರ್ಗಮನವೇ ಕೊಡುತ್ತದೆ.

ಕರೆದು ತಂದ ಜನರಿಂದಲೇ ಕಟ್ಟಿದ ನಗರ

ಭದ್ರಾವತಿ ತಾನಾಗಿ ಬೆಳೆದ ಊರಲ್ಲ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯವಿರುವ ಬೆಂಕಿಪುರವೆಂಬ ಸಣ್ಣ ಊರು, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆಗೆ ಆಯ್ಕೆಯಾದಂದಿನಿಂದ ನಗರವಾಯಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಇವು ಮೂರನ್ನೂ ಒಂದೆಡೆ ಸೇರಿಸಿ 1923ರಲ್ಲಿ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಷ್ಟದಲ್ಲಿದ್ದ ಸಂಸ್ಥೆಯನ್ನು ನಿಲ್ಲಿಸಿದರು. ಮುಂದೆ ಉಕ್ಕು, ಸಿಮೆಂಟ್, ಮಿಶ್ರಲೋಹ ಹೀಗೆ ಒಂದೊಂದಾಗಿ ಘಟಕಗಳು ಸೇರಿದವು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು.

ಈ ಕಾರ್ಖಾನೆಗಳಿಗೆ ಬೇಕಾದಷ್ಟು ಜನ ಸುತ್ತಲಿನ ಹಳ್ಳಿಗಳಲ್ಲಿ ಇರಲಿಲ್ಲ. ತಮಿಳು, ತೆಲುಗು, ಮರಾಠಿ, ಉರ್ದು ಮಾತನಾಡುವ ಕುಟುಂಬಗಳು ಬಂದು ನೆಲೆಸಿದವು. ಅವರನ್ನು ಬರಮಾಡಿಕೊಳ್ಳಲು ಆಡಳಿತವು ಕೆಲಸದ ಜೊತೆಗೆ ವಸತಿಗೃಹ, ಶಾಲೆ, ಆಸ್ಪತ್ರೆ, ಕುಡಿಯುವ ನೀರು, ಆಟದ ಬಯಲು, ಮನರಂಜನೆಯ ಕ್ಲಬ್ಬು ಎಲ್ಲವನ್ನೂ ಒದಗಿಸಿತು. ಹೊಸ ನಿವಾಸಿಗಳನ್ನು ಆಕರ್ಷಿಸುವ ವಿದ್ಯೆ ಈ ನಗರಕ್ಕೆ ಹೊಸದಲ್ಲ ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ನೂರು ವರ್ಷದ ಹಿಂದೆ ಅದನ್ನು ಕಾರ್ಖಾನೆ ಮಾಡಿತು. ಈಗ ಕಾರ್ಖಾನೆಗೆ ಆ ಶಕ್ತಿಯಿಲ್ಲ. ಹಾಗಾದರೆ ಅದನ್ನು ಮಾಡಬೇಕಾದವರು ಯಾರು ಎಂಬುದೇ ಪ್ರಶ್ನೆ.

ಇಲ್ಲಿ ಒಂದು ಸಂಗತಿ ನೆನೆಯತಕ್ಕದ್ದು. ಭದ್ರಾವತಿಯ ಸೇವೆಗಾಗಿ ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ವಿಶ್ವೇಶ್ವರಯ್ಯನವರು ಸ್ವಂತಕ್ಕೆ ಬಳಸಿಕೊಳ್ಳದೆ ಔದ್ಯೋಗಿಕ ಶಿಕ್ಷಣ ಸಂಸ್ಥೆಯೊಂದರ ಸ್ಥಾಪನೆಗೆ ಕೊಡಿಸಿದರು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ಹುಟ್ಟಿದ್ದು ಹೀಗೆ. ಯಂತ್ರ ಸವೆಯುತ್ತದೆ, ಕಲಿತ ಕೈ ಉಳಿಯುತ್ತದೆ ಎಂಬ ದೂರದೃಷ್ಟಿ ಅವರದು. ಆದರೆ ಆ ಸಂಸ್ಥೆ ಬೆಳೆದದ್ದು ರಾಜಧಾನಿಯಲ್ಲಿ. ಕುಲುಮೆಗಳು ಉರಿದ ಊರಿನಲ್ಲಿ ಆ ಮಟ್ಟದ ತಾಂತ್ರಿಕ ವಿದ್ಯಾಕೇಂದ್ರ ಬೇರೂರಲಿಲ್ಲ. ಇದರ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಇಳಿಮುಖದ ಹಾದಿ

ಉಕ್ಕಿನ ಕಾರ್ಖಾನೆಯನ್ನು 1989ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ವಹಿಸಿಕೊಂಡು, 1998ರಲ್ಲಿ ತನ್ನಲ್ಲಿ ವಿಲೀನಗೊಳಿಸಿಕೊಂಡಿತು. ಉತ್ತುಂಗದ ದಿನಗಳಲ್ಲಿ ಹತ್ತು ಸಾವಿರಕ್ಕೂ ಮಿಕ್ಕಿ ನೌಕರರಿದ್ದ ಸಂಸ್ಥೆಯಲ್ಲಿ ನಿವೃತ್ತರಾದವರ ಸ್ಥಾನಕ್ಕೆ ಹೊಸಬರು ಬರಲಿಲ್ಲ. ಸ್ವಂತ ಅದಿರಿನ ಗಣಿ ಇಲ್ಲದ್ದು, ಯಂತ್ರಗಳು ಹಳತಾದದ್ದು, ಬಂದರಿನಿಂದ ದೂರವಿರುವುದು ಇವೆಲ್ಲ ಸೇರಿ ಉತ್ಪಾದನಾ ವೆಚ್ಚ ಏರಿತು. 2016ರಿಂದ ಖಾಸಗಿಯವರಿಗೆ ವಹಿಸುವ ಯತ್ನ ನಡೆದು, ಸಾಕಷ್ಟು ಆಸಕ್ತರು ಬಾರದ ಕಾರಣ 2022ರಲ್ಲಿ ಅದನ್ನು ಕೈಬಿಡಲಾಯಿತು. 2023ರ ಜನವರಿಯಲ್ಲಿ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಅದೇ ವರ್ಷದ ಆಗಸ್ಟ್‌ನಲ್ಲಿ ರೋಲಿಂಗ್ ವಿಭಾಗದ ಕೆಲಸ ಸೀಮಿತವಾಗಿ ಪುನರಾರಂಭವಾಯಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015–16ರ ಹೊತ್ತಿಗೇ ನಿಂತುಹೋಗಿತ್ತು.

ಜನಸಂಖ್ಯೆ ಕುಸಿದ ದಶಕದಲ್ಲಿ ಎರಡೂ ಕಾರ್ಖಾನೆಗಳು ಇನ್ನೂ ನಡೆಯುತ್ತಿದ್ದವು ಎಂಬ ಅಂಶ ಮುಖ್ಯವಾದುದು. ಜನ ಹೋದದ್ದು ಬಾಗಿಲು ಮುಚ್ಚಿದ ಮೇಲಲ್ಲ, ಬಾಗಿಲು ಮುಚ್ಚಬಹುದೆಂಬ ಅನುಮಾನ ಬಂದಾಗಲೇ. ನಿವೃತ್ತರು ವಸತಿಗೃಹ ಬಿಟ್ಟುಕೊಟ್ಟು ಮಕ್ಕಳಿರುವ ಊರಿಗೆ ಹೋದರು. ಎಂಜಿನಿಯರಿಂಗ್, ವೈದ್ಯಕೀಯ ಓದಲು ಹೊರಗೆ ಹೋದ ಯುವಕರು ಅಲ್ಲೇ ಉಳಿದರು. ಆದ್ದರಿಂದ ಕಾರ್ಖಾನೆ ಪುನಶ್ಚೇತನವಾದ ಮಾತ್ರಕ್ಕೆ ಜನ ಮರಳಿ ಬರುತ್ತಾರೆಂದು ತಿಳಿಯುವುದು ಪೂರ್ತಿ ಸರಿಯಲ್ಲ. ಇಂದಿನ ಉಕ್ಕಿನ ಘಟಕಗಳು ಸ್ವಯಂಚಾಲಿತ. ಹಿಂದೆ ಹತ್ತು ಸಾವಿರ ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಅದರ ಒಂದು ಸಣ್ಣ ಭಾಗ ಸಾಕು. ಕಾರ್ಖಾನೆ ಉಳಿಯಬೇಕು, ಬಂಡವಾಳ ಬರಬೇಕು ಎಂಬ ಬೇಡಿಕೆ ನ್ಯಾಯವಾದುದೇ. ಆದರೆ ನಗರದ ಭವಿಷ್ಯವನ್ನು ಅದೊಂದೇ ಗೂಟಕ್ಕೆ ಕಟ್ಟುವಂತಿಲ್ಲ.

ಬೇರೆ ನಗರಗಳು ಕಲಿಸುವ ಪಾಠ

ಇಂಥದೇ ಸಂಕಟ ಕಂಡ ನಗರಗಳು ಜಗತ್ತಿನಲ್ಲಿ ಅನೇಕ. ಅಮೆರಿಕದ ಪಿಟ್ಸ್‌ಬರ್ಗ್ ಉಕ್ಕಿನ ರಾಜಧಾನಿಯೆಂದೇ ಹೆಸರಾಗಿತ್ತು. 1980ರ ದಶಕದಲ್ಲಿ ಅಲ್ಲಿನ ಉಕ್ಕಿನ ಕಾರ್ಖಾನೆಗಳು ಸಾಲುಸಾಲಾಗಿ ಮುಚ್ಚಿದವು. 1950ರಲ್ಲಿ ಸುಮಾರು 6.77 ಲಕ್ಷ ಇದ್ದ ಜನಸಂಖ್ಯೆ 2020ರ ಹೊತ್ತಿಗೆ ಸುಮಾರು 3 ಲಕ್ಷಕ್ಕೆ ಇಳಿದಿತ್ತು. ಆದರೂ ಆ ನಗರವನ್ನು ಇಂದು ಯಾರೂ ಸತ್ತ ನಗರ ಎನ್ನುವುದಿಲ್ಲ. ಅಲ್ಲಿನ ಎರಡು ದೊಡ್ಡ ವಿಶ್ವವಿದ್ಯಾಲಯಗಳು ಮತ್ತು ಅವಕ್ಕೆ ಹೊಂದಿಕೊಂಡ ಆಸ್ಪತ್ರೆಗಳು ಹೊಸ ಉದ್ಯೋಗದಾತರಾದವು. ಉಕ್ಕಿನ ಕಂಪನಿಯ ಹೆಸರಿನ ಗಗನಚುಂಬಿ ಕಟ್ಟಡದ ನೆತ್ತಿಯ ಮೇಲೆ 2008ರಿಂದ ಆಸ್ಪತ್ರೆ ಸಮೂಹವೊಂದರ ನಾಮಫಲಕ ಬೆಳಗುತ್ತಿದೆ. ಹಳೆಯ ಸಂಖ್ಯೆ ಮರಳಿ ಬಾರದಿದ್ದರೂ ನಗರ ಗಟ್ಟಿಯಾಗಿ ನಿಲ್ಲಬಹುದು ಎಂಬುದಕ್ಕೆ ಇದು ಸಾಕ್ಷಿ.

ಜರ್ಮನಿಯ ಲೈಪ್‌ಜಿಗ್ ಶತಮಾನಗಳಿಂದ ವ್ಯಾಪಾರ ಮೇಳಗಳಿಗೆ ಪ್ರಸಿದ್ಧವಾದ ವರ್ತಕರ ನಗರ. 1989ರಲ್ಲಿ ಸುಮಾರು 5.3 ಲಕ್ಷ ಇದ್ದ ಜನಸಂಖ್ಯೆ, ಜರ್ಮನಿಯ ಏಕೀಕರಣದ ನಂತರ ಕಾರ್ಖಾನೆಗಳು ಮುಚ್ಚಿದ್ದರಿಂದ 1998ರ ವೇಳೆಗೆ ಸುಮಾರು 4.37 ಲಕ್ಷಕ್ಕೆ ಕುಸಿಯಿತು. ಸಾವಿರಾರು ಮನೆಗಳು ಖಾಲಿ ಬಿದ್ದವು. ಇಂದು ಅಲ್ಲಿ 6 ಲಕ್ಷಕ್ಕೂ ಹೆಚ್ಚು ಜನರಿದ್ದಾರೆ. ಸುತ್ತಲಿನ ಊರುಗಳನ್ನು ನಗರಕ್ಕೆ ಸೇರಿಸಿದ್ದರಿಂದ ಏರಿಕೆಯ ಒಂದು ಭಾಗ ಬಂತು. ಉಳಿದದ್ದು ನಿಜವಾದ ವಲಸೆ. ಬಿಎಂಡಬ್ಲ್ಯು ಕಾರ್ ಕಾರ್ಖಾನೆ 2005ರಲ್ಲಿ ಆರಂಭವಾಯಿತು. ಡಿಎಚ್‌ಎಲ್ ತನ್ನ ಸರಕು ವಿಮಾನ ಕೇಂದ್ರವನ್ನು 2008ರಲ್ಲಿ ಅಲ್ಲಿಗೆ ಸ್ಥಳಾಂತರಿಸಿತು.

ಆದರೆ ನಮ್ಮ ಸಣ್ಣ ನಗರಗಳಿಗೆ ಹೆಚ್ಚು ಉಪಯುಕ್ತವಾದದ್ದು ಲೈಪ್‌ಜಿಗ್‌ನ 'ಕಾವಲು ಮನೆ' ಪದ್ಧತಿ. 2004ರಲ್ಲಿ ನಾಗರಿಕರ ಸಂಘವೊಂದು ಇದನ್ನು ಆರಂಭಿಸಿತು. ಖಾಲಿ ಬಿದ್ದ ಹಳೆಯ ಕಟ್ಟಡದ ಒಡೆಯ ಅದನ್ನು ಐದು ವರ್ಷದ ಮಟ್ಟಿಗೆ ಸಂಘಕ್ಕೆ ಬಿಟ್ಟುಕೊಡುತ್ತಾನೆ. ಸಂಘ ಅದನ್ನು ಕಲಾವಿದರಿಗೆ, ಸಣ್ಣ ಉದ್ಯಮಿಗಳಿಗೆ, ವಿದ್ಯಾರ್ಥಿಗಳಿಗೆ ಬಾಡಿಗೆಯಿಲ್ಲದೆ ಕೊಡುತ್ತದೆ. ಬಂದವರು ನೀರು, ವಿದ್ಯುತ್ತಿನಂಥ ಖರ್ಚನ್ನೂ ಸಂಘದ ಸಣ್ಣ ಶುಲ್ಕವನ್ನೂ ಕಟ್ಟಿ, ಒಳಗಿನ ದುರಸ್ತಿಯನ್ನು ತಾವೇ ಮಾಡಿಕೊಳ್ಳುತ್ತಾರೆ. ಒಡೆಯನಿಗೆ ಕಟ್ಟಡ ಉಳಿಯಿತು, ಬಂದವರಿಗೆ ನೆಲೆ ಸಿಕ್ಕಿತು, ಬೀದಿಗೆ ದೀಪ ಬಂತು.

ಅಮೆರಿಕದ ಟಲ್ಸಾ ನಗರದಲ್ಲಿ ಇನ್ನೊಂದು ಪ್ರಯೋಗ 2018ರಲ್ಲಿ ಆರಂಭವಾಯಿತು. ಬೇರೆಡೆಯ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುವವರು ಅಲ್ಲಿಗೆ ಬಂದು ಕನಿಷ್ಠ ಒಂದು ವರ್ಷ ನೆಲೆಸಿದರೆ ಖಾಸಗಿ ದತ್ತಿ ಸಂಸ್ಥೆಯೊಂದು 10,000 ಡಾಲರ್ ಕೊಡುತ್ತದೆ. ಮೂರು ಸಾವಿರಕ್ಕೂ ಹೆಚ್ಚು ಜನ ಹೀಗೆ ಬಂದರು. ಹಣದ ಜೊತೆಗೆ ಕೆಲಸ ಮಾಡಲು ಜಾಗ, ಹೊಸಬರನ್ನು ಊರಿನವರೊಂದಿಗೆ ಬೆರೆಸುವ ಏರ್ಪಾಡು ಕೂಡ ಇದ್ದದ್ದು ಆ ಯೋಜನೆಯ ವಿಶೇಷ.

ದೂರದ ಉದಾಹರಣೆಗಳು ಬೇಡವೆಂದರೆ ದಾವಣಗೆರೆಯನ್ನೇ ನೋಡಬಹುದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಆ ನಗರದ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಆದರೆ ಗಿರಣಿಗಳು ನಡೆಯುತ್ತಿದ್ದಾಗಲೇ ಊರಿನ ವರ್ತಕರೂ ಉದ್ಯಮಿಗಳೂ ವಿದ್ಯಾಸಂಸ್ಥೆಗಳಿಗೆ ಹಣ ತೊಡಗಿಸಿದ್ದರು. 1965ರಲ್ಲಿ ವೈದ್ಯಕೀಯ ಕಾಲೇಜು, 1979ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. 1997ರಲ್ಲಿ ಜಿಲ್ಲಾ ಕೇಂದ್ರವಾಯಿತು, 2009ರಲ್ಲಿ ವಿಶ್ವವಿದ್ಯಾಲಯವೂ ಬಂತು. ಗಿರಣಿ ಕಾರ್ಮಿಕನ ಸ್ಥಾನವನ್ನು ವಿದ್ಯಾರ್ಥಿಯೂ ರೋಗಿಯ ಬಂಧುವೂ ತುಂಬಿದರು. ಹೋಟೆಲು, ಬಾಡಿಗೆ ಮನೆ, ಬಟ್ಟೆ ಅಂಗಡಿಗಳ ವಹಿವಾಟು ನಿಲ್ಲಲಿಲ್ಲ. ಭದ್ರಾವತಿ ಕುಗ್ಗಿದ ಅದೇ ದಶಕದಲ್ಲಿ ದಾವಣಗೆರೆ 3.64 ಲಕ್ಷದಿಂದ 4.35 ಲಕ್ಷಕ್ಕೆ ಬೆಳೆಯಿತು. ಕಲಿತ ಕೈಗಳ ವಿಷಯದಲ್ಲಿ ಮೇಲೆ ಹೇಳಿದ ಕೊರತೆಯ ಪರಿಣಾಮ ಈ ಎರಡು ಅಂಕಿಗಳಲ್ಲಿ ಕಾಣುತ್ತದೆ.

ಬರಬಹುದಾದವರು ಯಾರು?

ಯಾವುದೇ ವರ್ತಕ ಸರಕು ತರಿಸುವ ಮುನ್ನ ಗಿರಾಕಿ ಯಾರೆಂದು ಯೋಚಿಸುತ್ತಾನೆ. ನಗರವೂ ಹಾಗೆಯೇ ಯೋಚಿಸಬೇಕು. ಭದ್ರಾವತಿಗೆ ಬರಬಹುದಾದವರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯವರು ಪಕ್ಕದಲ್ಲೇ ದುಡಿಯುವವರು. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿ, ನಿದಿಗೆ ಭಾಗದ ಕೈಗಾರಿಕಾ ಪ್ರದೇಶದಲ್ಲಿ ಎರಕದ ಘಟಕಗಳು, ಯಂತ್ರಭಾಗಗಳ ಘಟಕಗಳು, ಸಿದ್ಧ ಉಡುಪಿನ ಕಾರ್ಖಾನೆ ಇವೆ. ಅಲ್ಲಿ ದುಡಿಯುವವರಿಗೆ ಎರಡೂ ನಗರಗಳು ಹತ್ತಿರವೇ. ಅವರಲ್ಲಿ ಯಾರು ಎಲ್ಲಿ ಮನೆ ಮಾಡುತ್ತಾರೆ ಎಂಬುದನ್ನು ಬಾಡಿಗೆ, ಶಾಲೆ ಮತ್ತು ಬಸ್ಸು ನಿರ್ಧರಿಸುತ್ತವೆ. ಇವರನ್ನು ಸೆಳೆಯಲು ಹೊಸ ಕಾರ್ಖಾನೆ ಬೇಕಿಲ್ಲ.

ಎರಡನೆಯವರು ಊರಿನ ಮಕ್ಕಳು. ಭದ್ರಾವತಿಯಲ್ಲಿ ಹುಟ್ಟಿ ಬೆಳೆದು ಬೆಂಗಳೂರು, ಪುಣೆ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದವರು ನಿವೃತ್ತಿಯ ಹೊತ್ತಿಗೆ ನೀರಿರುವ, ದಟ್ಟಣೆಯಿಲ್ಲದ, ಆಸ್ಪತ್ರೆ ಹತ್ತಿರವಿರುವ ಊರನ್ನು ಅರಸುತ್ತಾರೆ. ನಿವೃತ್ತಿ ವೇತನ ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕದ ಆದಾಯ. ಅದು ಪ್ರತಿ ತಿಂಗಳೂ ಊರಿನ ಅಂಗಡಿಗೇ ಬರುತ್ತದೆ.

ಮೂರನೆಯವರು ವಿದ್ಯಾರ್ಥಿಗಳು. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ಆವರಣ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲೇ ಇದೆ. ಅಲ್ಲಿ ಓದುವವರಿಗೆ ನಗರದಲ್ಲಿ ವಸತಿ, ಗ್ರಂಥಾಲಯ, ಸಂಜೆಯ ಬಸ್ಸು ಇದ್ದರೆ ನಗರಕ್ಕೂ ವಿಶ್ವವಿದ್ಯಾಲಯಕ್ಕೂ ಇರುವ ನಂಟು ಗಟ್ಟಿಯಾಗುತ್ತದೆ.

ನಾಲ್ಕನೆಯವರು ಮನೆಯಿಂದಲೇ ಕೆಲಸ ಮಾಡುವವರು ಮತ್ತು ಸ್ವತಂತ್ರ ವೃತ್ತಿಪರರು. 2020ರ ಸಾಂಕ್ರಾಮಿಕದ ಕಾಲದಲ್ಲಿ ಮಲೆನಾಡಿನ ಅನೇಕ ಮನೆಗಳು ಕಚೇರಿಗಳಾದವು. ಹೆಚ್ಚಿನವರು ನಂತರ ಬೆಂಗಳೂರಿಗೆ ಮರಳಿದರೂ ಆ ಬಗೆಯ ಕೆಲಸ ಪೂರ್ತಿ ನಿಂತಿಲ್ಲ. ಬೆಂಗಳೂರಿನಾಚೆಗೆ ತಂತ್ರಜ್ಞಾನ ಉದ್ಯಮವನ್ನು ಒಯ್ಯುವ ರಾಜ್ಯ ಸರ್ಕಾರದ ಯೋಜನೆ ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡ–ಬೆಳಗಾವಿಗಳಿಗೆ ಮೊದಲ ಆದ್ಯತೆ ನೀಡಿತು. ಶಿವಮೊಗ್ಗ–ಭದ್ರಾವತಿ ಜೋಡಿಗೂ ಅಂಥ ಸ್ಥಾನ ಕೇಳುವ ಹಕ್ಕಿದೆ.

ಬರಮಾಡಿಕೊಳ್ಳಲು ಬೇಕಾದ ಸಿದ್ಧತೆ

ಮೊದಲನೆಯ ಸಿದ್ಧತೆ ಮನೆ. ಸಾಮಾನ್ಯವಾಗಿ ಇಳಿಮುಖದ ನಗರದಲ್ಲಿ ಮನೆ ಸುಲಭವಾಗಿ ಸಿಗಬೇಕು. ಆದರೆ ಖಾಲಿ ಇರುವ ಮನೆ ಬೇರೆ, ಬಾಡಿಗೆಗೆ ಸಿಗುವ ಮನೆ ಬೇರೆ. ಕಾರ್ಖಾನೆಗಳ ವಸತಿಗೃಹಗಳು ಸಂಸ್ಥೆಗಳ ಸ್ವತ್ತು. ವಾಸವಿಲ್ಲದ ಮನೆ ಮಲೆನಾಡಿನ ಕೆಲವೇ ಮಳೆಗಾಲಗಳಲ್ಲಿ ಹೆಂಚು ಜಾರಿ, ತೊಲೆ ಕೊಳೆತು ಉಪಯೋಗಕ್ಕೆ ಬಾರದಂತಾಗುತ್ತದೆ. ಮಾರಾಟ, ಹರಾಜಿನ ತೀರ್ಮಾನವಾಗುವವರೆಗೆ ಕಾಯುವ ಬದಲು ಲೈಪ್‌ಜಿಗ್ ಮಾದರಿಯಲ್ಲಿ ಐದು ವರ್ಷದ ತಾತ್ಕಾಲಿಕ ಪರವಾನಗಿ ಕೊಟ್ಟು, ದುರಸ್ತಿಯ ಹೊಣೆಯನ್ನು ವಾಸಿಸುವವರಿಗೆ ವಹಿಸುವುದು ಸಾಧ್ಯವಿಲ್ಲವೇ ಎಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಯೋಚಿಸಬೇಕು. ಒಡೆತನ ಬದಲಾಗುವುದಿಲ್ಲ, ಒಪ್ಪಂದದ ಅವಧಿ ಸ್ಪಷ್ಟ, ನಗರಸಭೆ ಅಥವಾ ನೋಂದಾಯಿತ ಸಂಘ ನಡುವಣ ಹೊಣೆಗಾರನಾಗಿ ನಿಲ್ಲಬಹುದು. ಹಲವು ವರ್ಷಗಳಿಂದ ಅಲ್ಲೇ ವಾಸಿಸುತ್ತಿರುವ ಹಳೆಯ ನೌಕರ ಕುಟುಂಬಗಳನ್ನು ಎಬ್ಬಿಸದೆ ಇದು ನಡೆಯಬೇಕು ಎಂಬುದು ಪ್ರತ್ಯೇಕವಾಗಿ ಹೇಳಬೇಕಾದ ಮಾತು.

ಎರಡನೆಯದು ಸಂಚಾರ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ವರ್ಷದ ಆಗಸ್ಟ್ 31ರಿಂದ ವಿಮಾನ ಸಂಚಾರ ಆರಂಭವಾಯಿತು. ಅದು ಶಿವಮೊಗ್ಗಕ್ಕೆ ಎಷ್ಟು ಸಮೀಪವೋ ಭದ್ರಾವತಿಗೂ ಹೆಚ್ಚುಕಡಿಮೆ ಅಷ್ಟೇ ಸಮೀಪ. ಬೆಂಗಳೂರಿಗೆ ನೇರ ರೈಲುಗಳಿವೆ. ಆದರೆ ನಿತ್ಯದ ಬದುಕಿಗೆ ವಿಮಾನಕ್ಕಿಂತ ಹೆಚ್ಚು ಬೇಕಾದದ್ದು ಎರಡು ನಗರಗಳ ನಡುವೆ ಬೆಳಗಿನ ಪಾಳಿಗೂ ರಾತ್ರಿ ಪಾಳಿಗೂ ಹೊಂದುವ ಬಸ್ಸು. ರಾತ್ರಿ ಹತ್ತಕ್ಕೆ ಕೆಲಸ ಮುಗಿಸಿದ ಹೆಣ್ಣುಮಗಳು ನಿಶ್ಚಿಂತೆಯಿಂದ ಮನೆ ಸೇರುವಂತಿದ್ದರೆ ಮಾತ್ರ ಆ ಕುಟುಂಬ ಇಲ್ಲಿ ಮನೆ ಮಾಡೀತು.

ಮೂರನೆಯದು ಶಾಲೆ ಮತ್ತು ಆಸ್ಪತ್ರೆ. ಕಾರ್ಖಾನೆಗಳು ನಡೆಸುತ್ತಿದ್ದ ಸೌಲಭ್ಯಗಳು ಕ್ಷೀಣಿಸಿದಾಗ ಅವುಗಳ ಜಾಗವನ್ನು ಯಾರಾದರೂ ತುಂಬಲೇಬೇಕು. ಲೋಹಶಾಸ್ತ್ರ, ಎರಕ, ವೆಲ್ಡಿಂಗ್, ಯಂತ್ರ ನಿರ್ವಹಣೆಗಳಲ್ಲಿ ತರಬೇತಿ ನೀಡುವ ಉನ್ನತ ಮಟ್ಟದ ಸಂಸ್ಥೆಯೊಂದಕ್ಕೆ ಇದಕ್ಕಿಂತ ಯೋಗ್ಯವಾದ ಊರು ರಾಜ್ಯದಲ್ಲಿ ಅಪರೂಪ. ಮಿಶ್ರಲೋಹದ ಉಕ್ಕನ್ನು ಕಣ್ಣಳತೆಯಲ್ಲೇ ಗುರುತಿಸಬಲ್ಲ ನಿವೃತ್ತ ಕುಶಲಕರ್ಮಿಗಳು ಇನ್ನೂ ಈ ಊರಿನಲ್ಲಿದ್ದಾರೆ. ಮುಂದಿನ ಹತ್ತು ವರ್ಷ ಕಳೆದರೆ ಅವರ ವಿದ್ಯೆ ಅವರೊಂದಿಗೇ ಹೋಗುತ್ತದೆ.

ನಾಲ್ಕನೆಯದು ಸಣ್ಣ ಉದ್ದಿಮೆಗಳಿಗೆ ಸಾಮೂಹಿಕ ಸೌಲಭ್ಯ. ಎರಕದ ಘಟಕ ನಡೆಸುವವರಿಗೆ ಗೊತ್ತಿರುವಂತೆ ರಾಸಾಯನಿಕ ವಿಶ್ಲೇಷಣೆ, ಗಡಸುತನದ ಪರೀಕ್ಷೆ, ಉಷ್ಣ ಸಂಸ್ಕರಣೆ, ಅಚ್ಚಿನ ವಿನ್ಯಾಸ ಇವುಗಳಿಗೆ ಪ್ರತಿಯೊಬ್ಬರೂ ಪ್ರತ್ಯೇಕ ಯಂತ್ರ ಕೊಳ್ಳಲಾಗದು. ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳ ಗುಚ್ಛಗಳಿಗೆ ಸಾಮೂಹಿಕ ಸೌಲಭ್ಯ ಕೇಂದ್ರ ಸ್ಥಾಪಿಸಲು ಕೇಂದ್ರ ಸರ್ಕಾರದ ಅನುದಾನವಿದೆ. ಹಳೆಯ ಕಾರ್ಖಾನೆಯ ಆವರಣದ ಒಂದು ಭಾಗದಲ್ಲಿ ಅಂಥ ಕೇಂದ್ರ ಬಂದರೆ ಶಿವಮೊಗ್ಗದ ಎರಕದ ಘಟಕಗಳಿಗೂ ಪ್ರಯೋಜನ, ಭದ್ರಾವತಿಗೂ ಹೊಸ ಉದ್ಯಮಿಗಳು.

ಐದನೆಯದು ಮನೋಭಾವ. ಶಿವಮೊಗ್ಗದ ನೆರಳಿನಲ್ಲಿ ನಾವು ಸೊರಗಿದೆವು ಎಂಬ ಕೊರಗು ಭದ್ರಾವತಿಯಲ್ಲಿ ಸಹಜ. ಆದರೆ ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರಪಾಲಿಕೆಯಡಿ ಬಂದವು. ಒಂದು ವಾಣಿಜ್ಯಕ್ಕೂ ಇನ್ನೊಂದು ವಿದ್ಯೆಗೂ ಹೆಸರಾಗಿ ಎರಡೂ ಬೆಳೆದವು. ಆಡಳಿತ ಒಂದಾಗಲೇಬೇಕೆಂದಿಲ್ಲ. ಬಸ್ಸು, ಕೈಗಾರಿಕಾ ಪ್ರದೇಶ, ವಿಮಾನ ನಿಲ್ದಾಣದ ಸುತ್ತಣ ಭೂಬಳಕೆ ಇವಿಷ್ಟನ್ನಾದರೂ ಎರಡು ನಗರಗಳು ಕೂಡಿ ಯೋಜಿಸಬೇಕು.

ಕೆಲಸ ಮೊದಲೋ, ಜನ ಮೊದಲೋ?

ಕೆಲಸವಿಲ್ಲದ ಊರಿಗೆ ಯಾರು ಬರುತ್ತಾರೆ ಎಂಬ ಆಕ್ಷೇಪವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಹಲವು ಇಳಿಮುಖದ ನಗರಗಳು ಜಾಹೀರಾತಿಗೆ, ಸ್ವಾಗತ ಕಮಾನಿಗೆ, ಉದ್ಯಾನಕ್ಕೆ ಹಣ ಸುರಿದು ಕೈಸುಟ್ಟುಕೊಂಡಿವೆ. ಆದರೆ ಮೇಲಿನ ನಾಲ್ಕು ವರ್ಗಗಳನ್ನು ಮತ್ತೊಮ್ಮೆ ಗಮನಿಸಿದರೆ ಒಂದು ಅಂಶ ಹೊಳೆಯುತ್ತದೆ. ಪಕ್ಕದಲ್ಲಿ ದುಡಿಯುವವನು, ನಿವೃತ್ತ, ವಿದ್ಯಾರ್ಥಿ, ಮನೆಯಿಂದ ಕೆಲಸ ಮಾಡುವವನು ಈ ನಾಲ್ವರೂ ತಮ್ಮ ಆದಾಯವನ್ನು ತಾವೇ ಹೊತ್ತು ತರುವವರು. ಅವರಿಗೆ ಭದ್ರಾವತಿ ಕೆಲಸ ಕೊಡಬೇಕಾಗಿಲ್ಲ. ನೆಲೆ ಕೊಟ್ಟರೆ ಸಾಕು. ಅವರು ಬಂದ ಮೇಲೆ ಅಂಗಡಿ, ಶಾಲೆ, ಚಿಕಿತ್ಸಾಲಯ, ದುರಸ್ತಿ ಕೆಲಸಗಳು ಹುಟ್ಟಿ ಊರಿನವರಿಗೆ ಉದ್ಯೋಗವಾಗುತ್ತದೆ. ದೊಡ್ಡ ಬಂಡವಾಳ ಬರುವವರೆಗೆ ಕಾಯದೆ ಆರಂಭಿಸಬಹುದಾದ ದಾರಿ ಇದು.

ಎಚ್ಚರಿಕೆಯ ಮಾತೊಂದು ಇಲ್ಲಿ ಅಗತ್ಯ. ವಿಮಾನ ನಿಲ್ದಾಣ ಬಂದೆಡೆ ನಿವೇಶನದ ವ್ಯಾಪಾರ ಗರಿಗೆದರುವುದು ಸಹಜ. ನಿವೇಶನ ಕೊಂಡು ಬೇಲಿ ಹಾಕಿ ಬಿಡುವವನು ನಿವಾಸಿಯಲ್ಲ. ಭೂಮಿಯ ಬೆಲೆ ಏರಿ, ಮನೆ ಮಾತ್ರ ಏಳದಿದ್ದರೆ ಊರಿಗೆ ದುಡಿಯಲು ಬರುವವನೇ ಹೊರಗುಳಿಯುತ್ತಾನೆ. ಅಗ್ಗದ ಬಾಡಿಗೆ ಇಳಿಮುಖದ ನಗರದ ಬಳಿ ಇರುವ ದೊಡ್ಡ ಬಂಡವಾಳ. ಅದನ್ನು ಕಳೆದುಕೊಳ್ಳುವುದು ಜಾಣತನವಲ್ಲ.

ವರ್ತಕ ಬಾಂಧವರು ತಾವೇ ಮಾಡಬಹುದಾದುದು

ಸರ್ಕಾರದ ಆದೇಶಕ್ಕೆ ಕಾಯದೆ ಸ್ಥಳೀಯ ವರ್ತಕರೂ ಸಣ್ಣ ಉದ್ಯಮಿಗಳೂ ಕೂಡಿ ಕೈಗೊಳ್ಳಬಹುದಾದ ಕೆಲವು ಕಾರ್ಯಗಳನ್ನು ಕ್ರಮವಾಗಿ ಸೂಚಿಸಬಹುದು.

1. ಹಳೇನಗರ, ನ್ಯೂಟೌನ್, ಜನ್ನಾಪುರ, ಕಾಗದನಗರ ಈ ನಾಲ್ಕೂ ಭಾಗಗಳಲ್ಲಿ ಬೀದಿವಾರು ಖಾಲಿ ಮನೆ, ಖಾಲಿ ಅಂಗಡಿಗಳ ಪಟ್ಟಿ ತಯಾರಿಸುವುದು. ಯಾವುದು ಬಾಡಿಗೆಗೆ ಸಿದ್ಧ, ಯಾವುದಕ್ಕೆ ದುರಸ್ತಿ ಬೇಕು, ಯಾವುದು ವ್ಯಾಜ್ಯದಲ್ಲಿದೆ ಎಂಬ ವಿವರ ಒಂದೆಡೆ ಸಿಗಬೇಕು.

2. ಮಾಚೇನಹಳ್ಳಿ, ನಿದಿಗೆ ಭಾಗದ ಕಾರ್ಖಾನೆಗಳ ಆಡಳಿತದೊಂದಿಗೆ ಮಾತುಕತೆ ನಡೆಸಿ, ಅವರ ನೌಕರರಿಗೆ ಮನೆ ಹುಡುಕಿಕೊಡುವ ಸಹಾಯ ಕೇಂದ್ರ ತೆರೆಯುವುದು. ಮುಂಗಡ ಹಣವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಲು ಮನೆ ಮಾಲೀಕರನ್ನು ಒಪ್ಪಿಸುವುದು.

3. ಬಾಡಿಗೆಗೆ ಮನೆ ಕೊಡುವಾಗ ಜಾತಿ, ಮತ, ಭಾಷೆ ಕೇಳದಿರುವ ರೂಢಿಯನ್ನು ವರ್ತಕರೇ ಮೊದಲು ಪಾಲಿಸುವುದು. ಹತ್ತು ಕಡೆಯಿಂದ ಬಂದವರು ಕಟ್ಟಿದ ಊರಿಗೆ ಇದು ಹೊಸ ಪಾಠವೇನಲ್ಲ.

4. ಖಾಲಿ ಮಳಿಗೆಗಳನ್ನು ಹೊಸ ಉದ್ಯಮಿಗೆ ಮೊದಲ ಆರು ತಿಂಗಳು ಅರ್ಧ ಬಾಡಿಗೆಗೆ ಕೊಡುವುದು. ಬೀಗ ಹಾಕಿದ ಮಳಿಗೆಯಿಂದ ಬರುವ ಆದಾಯ ಸೊನ್ನೆ ಎಂಬುದನ್ನು ನೆನಪಿಟ್ಟರೆ ಇದು ನಷ್ಟವಲ್ಲ.

5. ಹೊರಗಿರುವ ಭದ್ರಾವತಿಯವರ ವಿಳಾಸಗಳನ್ನು ಕಲೆಹಾಕಿ, ವರ್ಷಕ್ಕೊಮ್ಮೆ ಅವರನ್ನು ಊರಿಗೆ ಕರೆದು, ನಿವೇಶನ ಮಾರುವ ಬದಲು ಮರಳಿ ನೆಲೆಸಲು ಅವರಿಗೆ ಏನು ಬೇಕೆಂದು ಕೇಳುವುದು.

6. ನಿವೃತ್ತ ಕುಶಲಕರ್ಮಿಗಳಿಂದ ವಾರಕ್ಕೆರಡು ಸಂಜೆ ತರಬೇತಿ ಏರ್ಪಡಿಸುವುದು. ತರಬೇತಿ ಪಡೆದವರಿಗೆ ಸದಸ್ಯರ ಘಟಕಗಳಲ್ಲಿ ಅಭ್ಯಾಸಿಗಳಾಗಿ ಅವಕಾಶ ಕೊಡುವುದು.

ಇವುಗಳಲ್ಲಿ ಯಾವುದಕ್ಕೂ ಕೋಟಿಗಟ್ಟಲೆ ಹಣ ಬೇಕಿಲ್ಲ. ಬೇಕಾದದ್ದು ಒಂದು ಕೊಠಡಿ, ಒಂದು ದೂರವಾಣಿ, ಲೆಕ್ಕ ಬರೆಯಬಲ್ಲ ಇಬ್ಬರು ಯುವಕರು ಮತ್ತು ವರ್ತಕರ ಪೈಕಿ ಮುಂದೆ ನಿಲ್ಲುವ ಹತ್ತು ಜನ.

ದೇಶದ ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನಾಂಕವೆಂದು ಕೇಂದ್ರ ಸರ್ಕಾರ ಪ್ರಕಟಿಸಿದೆ. ಆ ಎಣಿಕೆಯಲ್ಲಿ ಭದ್ರಾವತಿಯ ಅಂಕಿ ಏರಿದರೂ ಇಳಿದರೂ ಅದು ಕಳೆದ ಹದಿನಾರು ವರ್ಷಗಳ ಫಲ, ಈಗ ಬದಲಿಸಲಾಗದು. ಆದರೆ ಅದರ ಮುಂದಿನ ಎಣಿಕೆಯ ಅಂಕಿ ಇಂದಿನಿಂದ ಕೈಗೊಳ್ಳುವ ಕೆಲಸಗಳನ್ನು ಅವಲಂಬಿಸಿದೆ. ಕೋಲಾರ ಚಿನ್ನದ ಗಣಿ, ಗಿರಣಿಗಳನ್ನು ಕಳೆದುಕೊಂಡ ಉತ್ತರ ಕರ್ನಾಟಕದ ಪಟ್ಟಣಗಳು, ಹೀಗೆ ಇದೇ ಸಂಕಟದಲ್ಲಿರುವ ಊರುಗಳ ವರ್ತಕರಿಗೂ ಈ ಮಾತು ಅನ್ವಯಿಸುತ್ತದೆ. ಕುಲುಮೆಗೆ ಬೆಂಕಿ ಹಾಕುವ ಅಧಿಕಾರ ವರ್ತಕರ ಕೈಯಲ್ಲಿಲ್ಲ. ಬೀಗ ಬಿದ್ದ ಮನೆಯ ಕೀಲಿಕೈ ಯಾರ ಬಳಿ ಇದೆ ಎಂದು ಹುಡುಕುವ ಕೆಲಸವನ್ನು ಮಾತ್ರ ಅವರು ನಾಳೆಯೇ ಆರಂಭಿಸಬಹುದು.